ಆರ್ಕಾಟ್ ರೋವರ್ಸ್ ಮತ್ತು ನನ್ನ ಐದು ನಿಮಿಷ

ನನ್ನ ಕೈಗಡಿಯಾರ ಐದು ನಿಮಿಷ ಮುಂದಿರುತ್ತದೆ. ಅದು ಗಡಿಯಾರದ ದೋಷವಲ್ಲ, ನಾನೇ ಹಾಗೆ ಇಟ್ಟುಕೊಂಡದ್ದು. ಪತ್ರಿಕೆಗೆ ಸೇರಿದ ಮೊದಲ ವಾರ ನಮ್ಮ ಮುಖ್ಯ ಉಪಸಂಪಾದಕರು ಕಲಿಸಿದ ಮೊದಲ ಪಾಠ ಇದು. “ಪುಟ ಯಾರಿಗೂ ಕಾಯಲ್ಲಪ್ಪ. ನಿನ್ ವಾಚಾದ್ರೂ ನಿನ್ಗಿಂತ ಮುಂದೆ ಇರ್ಲಿ” ಎಂದಿದ್ದರು. ನಮ್ಮ ಸುದ್ದಿಮನೆಯಲ್ಲಿ ಗೋಡೆಯ ಗಡಿಯಾರ ಒಂದನ್ನು ಬಿಟ್ಟರೆ ಯಾರ ಮಣಿಕಟ್ಟಿನಲ್ಲೂ ನಿಜವಾದ ಸಮಯ ಇರುತ್ತಿರಲಿಲ್ಲ. ಊರಿಗೆಲ್ಲ ಸತ್ಯ ಹಂಚುವ ಜನ ತಮ್ಮ ಕೈಗೇ ಸುಳ್ಳು ಕಟ್ಟಿಕೊಂಡು ತಿರುಗುತ್ತಿದ್ದೆವು. ಯಾರಾದರೂ ಗಂಟೆ ಕೇಳಿದರೆ ಗಡಿಯಾರ ನೋಡಿ, ಮನಸ್ಸಿನಲ್ಲೇ ಐದು ಕಳೆದು ಉತ್ತರ ಹೇಳುವುದು. ಇದು ಎಷ್ಟು ರೂಢಿಯಾಗಿತ್ತೆಂದರೆ, ನನ್ನ ಮದುವೆಯ ಮುಹೂರ್ತದ ಹೊತ್ತಿಗೆ ಪುರೋಹಿತರು ಗಂಟೆ ಕೇಳಿದಾಗ ಮದುಮಗನಾದ ನಾನೇ ಐದು ಕಳೆದು ಹೇಳಿದ್ದೆ.

ಕ್ರೀಡಾ ವರದಿಗಾರನಾಗಿದ್ದ ವರ್ಷಗಳಲ್ಲಿ ನಾನು ತಪ್ಪುಗಳನ್ನು ಮಾಡದೇ ಇಲ್ಲ. ಗೋಲು ಹೊಡೆದವನ ಹೆಸರು ಅವನ ತಮ್ಮನಿಗೆ ಹೋಗಿದೆ, ಬಲಗಾಲು ಎಡಗಾಲಾಗಿದೆ. ಪ್ರತಿಯೊಂದಕ್ಕೂ ಮರುದಿನ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದ್ದೇವೆ. ಒಂದಕ್ಕೆ ಮಾತ್ರ ಹಾಕಲಿಲ್ಲ. ಅದನ್ನು ಈಗ ಹೇಳಬೇಕೆನಿಸಿದೆ.

ಹಲಸೂರು ಕೆರೆಯ ಹತ್ತಿರದ ಒಂದು ಗಲ್ಲಿಯಲ್ಲಿ ಆರ್ಕಾಟ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬು. ಬಿಳಿಯರ ಪಲ್ಟಣಗಳು ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಯೂರಿದಾಗ ಅವುಗಳ ಬೆನ್ನಿಗೇ ತಮಿಳು ಸೀಮೆಯ ಆರ್ಕಾಟಿನ ಕಡೆಯಿಂದ ಇಟ್ಟಿಗೆ ಹೊರುವವರು, ಬಟ್ಟೆ ಒಗೆಯುವವರು, ಗಾಡಿ ಹೊಡೆಯುವವರು ಕಾಲ್ನಡಿಗೆಯಲ್ಲಿ ಬಂದರು. ಅವರ ಮಕ್ಕಳು ಬೇಲಿಯಾಚೆ ನಿಂತು ಸಿಪಾಯಿಗಳ ಆಟ ನೋಡಿ, ಕಲಿತು, ಕಟ್ಟಿದ ಕ್ಲಬ್ಬು ಅದು. ಯಾವ ವರ್ಷ ಎಂಬುದಕ್ಕೆ ಕಾಗದವಿಲ್ಲ. ನಾನು ಕಾಗದ ನಂಬುವ ಮನುಷ್ಯ. ಹಿಂದೊಮ್ಮೆ ಕ್ಲಬ್ಬಿನ ಚರಿತ್ರೆ ಬರೆಯಲು ಹೋದಾಗ ಗಲ್ಲಿಯ ಮೂವರು ಹಿರಿಯರು ಮೂರು ಬೇರೆ ಬೇರೆ ಕಾಲ ಹೇಳಿ, ನನ್ನೆದುರಿಗೇ ಜಗಳಕ್ಕೆ ನಿಂತರು. ಎಲ್ಲರೂ ಒಪ್ಪಿದ್ದು ಒಂದು ಸಂಗತಿಯನ್ನು: ಕ್ಲಬ್ಬಿನ ಮೊದಲ ಚೆಂಡು ಪಲ್ಟಣದ ಬೇಲಿ ಹಾರಿ ಬಂದದ್ದು.

“ಅಂದ್ರೆ ಕದ್ದಿದ್ದಾ?” ಎಂದು ನಾನು ಪೆನ್ನು ಹಿಡಿದುಕೊಂಡೇ ಕೇಳಿದೆ.

ಏಳುಮಲೈ ಅಣ್ಣನಿಗೆ ಸಿಟ್ಟು ಬಂತು. ಅರವತ್ತು ದಾಟಿದ ಬಡಗಿ ಆತ. ಕ್ಲಬ್ಬಿನ ಕಾರ್ಯದರ್ಶಿಯೂ ಹೌದು, ಚೆಂಡಿಗೆ ಗಾಳಿ ತುಂಬುವವನೂ ಹೌದು. “ಅಯ್ಯೋ, ಕದ್ದಿದ್ದಲ್ಲ ಸಾರ್. ಬಾಲ್ ತಾನಾಗೇ ಬಂತು, ನಮ್ ತಾತ ಎತ್ತಿಟ್ಕೊಂಡ್ರು. ಅವ್ರು ವಾಪಸ್ ಕೇಳ್ಲಿಲ್ಲ. ಹಾಗಂತ ಬರ್ಕೊಳ್ಳಿ.”

ಹಾಗೆಯೇ ಬರೆದುಕೊಂಡೆ.

ಈ ಕ್ಲಬ್ಬಿಗೆ ಒಂದು ಪದ್ಧತಿ ಇತ್ತು. ಪಂದ್ಯದ ದಿನ ಆಟಗಾರರು ಗಲ್ಲಿಯಲ್ಲೇ ಜೆರ್ಸಿ ತೊಟ್ಟು, ಒಬ್ಬರ ಹಿಂದೊಬ್ಬರು ಸಾಲಾಗಿ ಮೈದಾನಕ್ಕೆ ನಡೆದೇ ಹೋಗಬೇಕು. ಮುಂದೆ ಕ್ಲಬ್ಬಿನ ಹಿರಿಯ, ಕೈಯಲ್ಲಿ ಒದ್ದೆ ಟವೆಲಿನಲ್ಲಿ ಸುತ್ತಿದ ಚೆಂಡು. ಹಿಂದೆ ಪಲ್ಟಣದ ಮೈದಾನದಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಈ ಜನಕ್ಕೆ ಪ್ರವೇಶವಿರಲಿಲ್ಲವಂತೆ. ಅದಕ್ಕೇ ಮನೆಯಿಂದಲೇ ತೊಟ್ಟು ಹೊರಟರು. ಆಮೇಲೆ ಕೋಣೆಯ ಬಾಗಿಲು ತೆರೆಯಿತು, ಇವರು ಒಳಗೆ ಹೋಗಲಿಲ್ಲ. ಅವಮಾನವೊಂದು ಎರಡು ತಲೆಮಾರು ದಾಟಿದರೆ ಅದಕ್ಕೆ ಸಂಪ್ರದಾಯವೆಂಬ ಹೆಸರು ಬರುತ್ತದೆ, ಮೂರನೆಯ ತಲೆಮಾರು ಅದನ್ನು ಮುಟ್ಟಲು ಬಿಡುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ಒಂದು ಕಂಪನಿ ಈ ಕ್ಲಬ್ಬಿನ ಬೆನ್ನಿಗೆ ನಿಂತಿತು. ಆಟಗಾರರಿಗೆ ತಿಂಗಳ ಸಂಬಳ ಬಂತು, ಒಬ್ಬ ಕೋಚ್ ಬಂದ, ನೈಜೀರಿಯಾದಿಂದ ಸಂಡೆ ಎಂಬ ಎತ್ತರದ ಮುಂಚೂಣಿ ಆಟಗಾರ ಬಂದ. ಆರೇ ತಿಂಗಳಲ್ಲಿ ಅವನು ಗಲ್ಲಿಯ ಇಡ್ಲಿ ಅಂಗಡಿಯಲ್ಲಿ “ಇನ್ನೊಂದ್ ಪ್ಲೇಟ್ ಅಕ್ಕಾ” ಎನ್ನುವಷ್ಟು ಊರಿನವನಾದ. ಕಂಪನಿಯ ಮ್ಯಾನೇಜರ್ ದಿನಕರ್ ತಂಡಕ್ಕೊಂದು ಬಸ್ಸೂ ಕೊಡಿಸಿದರು. ಏಳುಮಲೈ ಅಣ್ಣ ಬಸ್ಸಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿ, ಅದರೊಳಗೆ ಬೂಟುಗಳನ್ನು ಇಟ್ಟು ಕಳಿಸಿದ. ಜನ ನಡೆದು ಬಂದರು. ಅಂದಿನಿಂದ ಅದೇ ಕ್ರಮ: ಹನ್ನೊಂದು ಜೊತೆ ಬೂಟು ಹವಾನಿಯಂತ್ರಿತ ಬಸ್ಸಿನಲ್ಲಿ, ಹನ್ನೊಂದು ಜನ ಹವಾಯಿ ಚಪ್ಪಲಿಯಲ್ಲಿ.

ಇಷ್ಟು ಪೀಠಿಕೆ ಆಯಿತು. ಈಗ ಆ ಮಧ್ಯಾಹ್ನ.

ಅದು ಲೀಗಿನ ಕೊನೆಯ ಪಂದ್ಯ. ರೋವರ್ಸ್‌ಗೆ ಸಮ ಮಾಡಿಕೊಂಡರೂ ಸಾಕಿತ್ತು, ಮೇಲಿನ ದರ್ಜೆಯಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗೆ. ಕೆಳಗಿಳಿದರೆ ಕಂಪನಿ ಕೈಬಿಡುವುದು ಖಚಿತವೆಂದು ದಿನಕರ್ ಎಲ್ಲರಿಗೂ ಹೇಳಿದ್ದರು. ಅಲ್ಲಿಗೆ ಸಂಬಳ, ಕೋಚ್, ಸಂಡೆ, ಎಲ್ಲವೂ ಮುಗಿದಂತೆ. ಬರೀ ಗಲ್ಲಿಯ ಬಲದಿಂದ ಕ್ಲಬ್ಬು ಮತ್ತೊಂದು ವರ್ಷ ಬದುಕುವ ಭರವಸೆ ಯಾರಿಗೂ ಇರಲಿಲ್ಲ. ಎದುರಾಳಿ ಒಂದು ಕಾರ್ಖಾನೆಯ ತಂಡ. ನನ್ನ ಅಪ್ಪ ದುಡಿದದ್ದು ಅದೇ ಕಾರ್ಖಾನೆಯಲ್ಲಿ.

ಆ ವಾರ ನದಿ ನೀರಿನ ಜಗಳ ಊರಿಗೆ ಬಂದಿತ್ತು. ಎರಡು ದಿನದ ಕೆಳಗೆ ಅಂಗಡಿಗಳ ತಮಿಳು ಫಲಕಗಳಿಗೆ ಡಾಂಬರು ಬಿದ್ದಿತ್ತು. ದಂಡಿನ ಕಡೆಯ ರಸ್ತೆಗಳಲ್ಲಿ ಐದು ಜನ ಒಟ್ಟಿಗೆ ಸೇರಬಾರದೆಂಬ ಆದೇಶ ಜಾರಿಯಲ್ಲಿತ್ತು. ಒಮ್ಮೆ ಮುಂದೂಡಿದ್ದ ಪಂದ್ಯವನ್ನು ಮತ್ತೆ ಮುಂದೂಡಲು ಲೀಗಿನವರು ಒಪ್ಪದೆ, ಪ್ರೇಕ್ಷಕರಿಲ್ಲದೆ ಆಡಿಸುವುದೆಂದು ತೀರ್ಮಾನಿಸಿದ್ದರು. ರೋವರ್ಸ್ ಜೆರ್ಸಿಯ ಎದೆಯ ಮೇಲೆ ಆರ್ಕಾಟ್ ಎಂದು ಅಂಗೈಯಗಲದ ಅಕ್ಷರಗಳಿದ್ದವು.

ಬೆಳಿಗ್ಗೆ ನಾನು ಗಲ್ಲಿಗೆ ಹೋದಾಗ ದಿನಕರ್ ಅಂಗಲಾಚುತ್ತಿದ್ದರು. “ಇವತ್ತೊಂದಿನ ಬಸ್ ಹತ್ರಿ. ಕೈ ಮುಗೀತೀನಿ.”

“ಬೇರೆ ದಿನ ಆಗಿದ್ರೆ ಹತ್ಬೋದಿತ್ತು ಸಾರ್” ಎಂದ ಏಳುಮಲೈ ಅಣ್ಣ. “ಇವತ್ ಹತ್ತಿದ್ರೆ ಹೆದ್ರಿ ಹತ್ತಿದ ಹಾಗಾಗತ್ತೆ. ನಮ್ ತಾತನ ಅಪ್ಪ ಆರ್ಕಾಟಿಂದ ನಡ್ಕೊಂಡ್ ಬಂದೋರು. ಇಲ್ಲಿಂದ ಸ್ಟೇಡಿಯಂ ಏನ್ ದೂರ?”

ಇಂದಿರಾನಗರದ ಕಾರ್ಖಾನೆ ಕಾಲೊನಿಯಲ್ಲಿ ಬೆಳೆದ ನನಗೆ ಈ ಊರಿಗೆ ಯಾರು ಯಾವಾಗ ಬಂದರೆಂಬ ಲೆಕ್ಕ ಎಂದೂ ಸರಿಯಾಗಿ ಅರ್ಥವಾಗಿಲ್ಲ. ಅಪ್ಪ ತುಮಕೂರಿನ ಕಡೆಯಿಂದ ಬಸ್ಸಿನಲ್ಲಿ ಬಂದವರು. ಪಕ್ಕದ ಮನೆಯವರು ಧಾರವಾಡದಿಂದ ರೈಲಿನಲ್ಲಿ. ಬಸ್ಸು ರೈಲುಗಳಲ್ಲಿ ಬಂದ ನಾವೆಲ್ಲ, ಅವು ಹುಟ್ಟುವ ಮೊದಲೇ ನಡೆದು ಬಂದವರನ್ನು “ನೀವು ಯಾವ ಊರೋರು?” ಎಂದು ಕೇಳುತ್ತಿರುತ್ತೇವೆ.

ಪಂದ್ಯ ಮೂರೂವರೆಗೆ. ನಿಯಮದಂತೆ ಹದಿನೈದು ನಿಮಿಷ ಕಾಯುತ್ತಾರೆ. ಅಷ್ಟರಲ್ಲಿ ಕನಿಷ್ಠ ಏಳು ಜನ ಮೈದಾನಕ್ಕೆ ಇಳಿಯದಿದ್ದರೆ ಆ ತಂಡ ಸೋತಂತೆ. ಮೂರು ಗಂಟೆಗೇ ಬೂಟುಗಳು ಬಂದವು. ಮೂರೂವರೆಗೆ ಕಾರ್ಖಾನೆಯ ತಂಡ ಇಳಿಯಿತು. ಆರ್ಕಾಟ್ ರೋವರ್ಸ್ ಕಡೆಯಿಂದ ಬಸ್ಸಿನ ಡ್ರೈವರ್ ಒಬ್ಬನೇ ಇದ್ದ. ದಿನಕರ್ ಇಟ್ಟಿಗೆಯಂಥ ಮೊಬೈಲ್ ಹಿಡಿದು ಗೇಟಿಗೂ ಬಸ್ಸಿಗೂ ಓಡಾಡುತ್ತಿದ್ದರು, ಆದರೆ ನಡೆದು ಬರುವವರ ಹತ್ತಿರ ಫೋನೆಲ್ಲಿಯದು? ಪತ್ರಕರ್ತನೆಂದು ಅಲ್ಲಿದ್ದವನು ನಾನೊಬ್ಬನೇ. ಖಾಲಿ ಗ್ಯಾಲರಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಸಮಯ ಗುರುತು ಹಾಕುತ್ತಿದ್ದೆ. ನಾಳೆ ಇದು ಕ್ರೀಡಾ ಪುಟದ ಸುದ್ದಿಯೋ ಮುಖಪುಟದ ಸುದ್ದಿಯೋ ಎಂಬ ಪ್ರಶ್ನೆ ಬಂತು. ಮುಖಪುಟಕ್ಕೆ ಬರಬೇಕಾದರೆ ದಾರಿಯಲ್ಲಿ ಅವರಿಗೆ ಏನಾದರೂ ಆಗಿರಬೇಕು ಎಂದು ಹೊಳೆದಾಗ ಪೆನ್ನು ಕೆಳಗಿಟ್ಟೆ.

ದಾರಿಯಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಟ್ರಿನಿಟಿ ಸರ್ಕಲ್ಲಿನಲ್ಲಿ ಪೇದೆಯೊಬ್ಬರು ಸಾಲನ್ನು ತಡೆದಿದ್ದರು.

“ಏನ್ರೀ ಇದು, ಮೆರವಣಿಗೆನಾ?”

“ಇಲ್ಲ ಸಾರ್, ಮ್ಯಾಚು.”

“ಐದ್ ಜನ ಒಟ್ಟಿಗೆ ಹೋಗಂಗಿಲ್ಲ. ನಾಲ್ಕ್ ನಾಲ್ಕ್ ಜನ ಹೋಗ್ರಿ. ಮುಂದಿನೋರು ಆ ಮರ ದಾಟಿದ್ ಮೇಲೇ ಹಿಂದಿನೋರು ಹೊರಡ್ಬೇಕು.” ಆಮೇಲೆ ಅವರ ಕಣ್ಣು ಸಂಡೆಯ ಮೇಲೆ ಬಿತ್ತಂತೆ. “ಇವ್ರೂ ಆರ್ಕಾಟಾ?”

“ಈಗ ಆರ್ಕಾಟೇ ಸಾರ್” ಎಂದನಂತೆ ಏಳುಮಲೈ ಅಣ್ಣ.

ಇತ್ತ ಮೈದಾನದಲ್ಲಿ ಜಗಳ ಶುರುವಾಗಿತ್ತು. ಕಾರ್ಖಾನೆ ತಂಡದ ಮ್ಯಾನೇಜರ್ ತಮ್ಮ ಗಡಿಯಾರ ತೋರಿಸಿ ಅವಧಿ ಮುಗಿದು ಒಂದು ನಿಮಿಷ ಆಯಿತೆಂದರು. ರೆಫ್ರಿಯ ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಬಾಕಿ ಇತ್ತು. ದಿನಕರ್ ಅವರ ಗಡಿಯಾರದಲ್ಲಿ, ನಿರೀಕ್ಷೆಯಂತೆ, ಇನ್ನೂ ಹೆಚ್ಚು. ರೆಫ್ರಿ ದೂರು ಅರ್ಜಿಗಳಿಗೆ ಹೆದರುವ ಪ್ರಾಮಾಣಿಕ ಮನುಷ್ಯ. ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ಕಾರ್ಖಾನೆಯ ಮ್ಯಾನೇಜರೇ ನನ್ನತ್ತ ಕೈ ತೋರಿಸಿದರು.

“ಪೇಪರ್‌ನೋರ್ನ ಕೇಳ್ರಿ. ನಮ್ ಕಾಲೊನಿ ಹುಡ್ಗ, ಸುಳ್ ಹೇಳಲ್ಲ. ಅವ್ರು ಹೇಳಿದ್ದಕ್ಕೆ ನಾನು ಬದ್ಧ.”

“ನಾನೂ” ಎಂದರು ದಿನಕರ್, ಬೇರೆ ದಾರಿಯಿಲ್ಲದೆ.

ಮೂವರೂ ಗ್ಯಾಲರಿಯ ಕಂಬಿಯ ಹತ್ತಿರ ಬಂದು ಮೇಲೆ ನೋಡಿದರು. ನಾನು ಗಡಿಯಾರ ನೋಡಿದೆ. ಮೂರು ನಲವತ್ತೈದು, ಒಂದು ಸೆಕೆಂಡು ಆಚೀಚೆ ಇಲ್ಲ. ಎಂದಿನಂತೆ ಐದು ಕಳೆದೆ.

“ಮೂರು ನಲವತ್ತು” ಎಂದೆ.

ರೆಫ್ರಿ ತಮ್ಮ ಗಡಿಯಾರವನ್ನು ಅದಕ್ಕೆ ತಿದ್ದಿಕೊಂಡರು. “ಇನ್ನು ಸರಿಯಾಗಿ ಐದು ನಿಮಿಷ. ಆಮೇಲೆ ಯಾರೂ ಮಾತಾಡಂಗಿಲ್ಲ.”

ಅಷ್ಟು ಉದ್ದದ ಐದು ನಿಮಿಷವನ್ನು ನಾನು ಕಂಡಿಲ್ಲ. ಒಂದು ನಿಮಿಷ ಕಳೆಯುವಷ್ಟರಲ್ಲಿ ಗೇಟಿನಲ್ಲಿ ಒದ್ದೆ ಟವೆಲು ಕಾಣಿಸಿತು. ಏಳುಮಲೈ ಅಣ್ಣ, ಹಿಂದೆ ಮೂವರು ಆಟಗಾರರು. ರೆಫ್ರಿ ಬೆರಳೆಣಿಸಿ, “ಮೂರು” ಎಂದು ತಲೆಯಾಡಿಸಿದರು. ಚೆಂಡು ಮಧ್ಯದ ಗೆರೆಯ ಮೇಲೆ ಕೂತಿತು. ಎರಡು ನಿಮಿಷ. ಮೂರು ನಿಮಿಷ. ಏಳುಮಲೈ ಅಣ್ಣ ಗೇಟಿನತ್ತ ನೋಡದೆ ಟವೆಲನ್ನು ಹಿಂಡುತ್ತ ನಿಂತಿದ್ದ, ಅದರಲ್ಲಿ ನೀರು ಉಳಿದಿರಲಿಲ್ಲ. ನಾಲ್ಕು ನಿಮಿಷ ಆಗುವಷ್ಟರಲ್ಲಿ ಸಂಡೆ ಓಡಿ ಬಂದ, ಬೆನ್ನ ಹಿಂದೆ ಇನ್ನೂ ಮೂವರು. ಬಸ್ಸಿನ ಕಿಟಕಿಯಿಂದ ಡ್ರೈವರ್ ಎಸೆದ ಬೂಟುಗಳನ್ನು ಓಡುತ್ತಲೇ ಹಿಡಿದರು. “ಬೇಗ ಹಾಕ್ರೋ, ಲೇಸ್ ಆಮೇಲೆ ಕಟ್ಕೊಳ್ರೋ!” ಎಂದು ಕೂಗುತ್ತಿದ್ದವರು ದಿನಕರ್, ಅವರು ಯಾರನ್ನಾದರೂ ‘ರೋ’ ಎಂದು ಸಲಿಗೆಯಿಂದ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಏಳು ಜನ ಗೆರೆಯೊಳಗೆ ಬಂದರು. ರೆಫ್ರಿ ಸೀಟಿ ಊದಿದರು.

ಉಳಿದ ನಾಲ್ವರು ಬರುವುದರೊಳಗೆ ಕಾರ್ಖಾನೆಯವರು ಒಂದು ಗೋಲು ಹೊಡೆದಿದ್ದರು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಸಂಡೆ ತಲೆಯಿಂದ ಅದನ್ನು ಸಮ ಮಾಡಿದ. ಪಂದ್ಯ ಒಂದು-ಒಂದು. ಕ್ಲಬ್ಬು ಉಳಿಯಿತು. ಖಾಲಿ ಸ್ಟೇಡಿಯಂನಲ್ಲಿ ಹನ್ನೆರಡು ಜನ ಅಳುವ ಸದ್ದು ಹೇಗಿರುತ್ತದೆಂದು ಗೊತ್ತಾಯಿತು. ಅದನ್ನು ವರದಿಯಲ್ಲಿ ಬರೆಯಲಿಲ್ಲ, ಜಾಗವಿರಲಿಲ್ಲ.

ಕಚೇರಿಗೆ ಬಂದು ಕೂತು ಗೋಡೆಯ ಗಡಿಯಾರ ನೋಡಿದೆ. ಆರು ಹತ್ತು. ನನ್ನ ಕೈ ನೋಡಿದೆ. ಆರು ಹತ್ತು. ಆರು ಹದಿನೈದು ಇರಬೇಕಿತ್ತು.

ಆಗ ನೆನಪಾಯಿತು. ಹಿಂದಿನ ದಿನ ಶಿವಾಜಿನಗರದಲ್ಲಿ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದ್ದೆ. ಅಂಗಡಿಯ ವೃದ್ಧರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, “ಟೈಮೂ ಬರಾಬರ್ ಮಾಡಿದೀನಿ ಸಾಬ್” ಎಂದಿದ್ದರು. ಪ್ರಾಮಾಣಿಕ ಕುಶಲಕರ್ಮಿ. ನಾನು ಶುಕ್ರಿಯಾ ಹೇಳಿ, ಕಟ್ಟಿಕೊಂಡು, ಮರೆತಿದ್ದೆ. ಅಂದರೆ ನಾನು ನೋಡಿದ ಮೂರು ನಲವತ್ತೈದು ನಿಜವಾದ ಮೂರು ನಲವತ್ತೈದು. ಕಾಯುವ ಅವಧಿ ಆ ಕ್ಷಣಕ್ಕೇ ಮುಗಿದಿತ್ತು. ರೆಫ್ರಿಯ ಸ್ವಂತ ಗಡಿಯಾರವನ್ನೇ ನಂಬಿದ್ದರೂ ಸಂಡೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಐದು ನಿಮಿಷವನ್ನು ನಾನು ಆರ್ಕಾಟ್ ರೋವರ್ಸ್‌ಗೆ ಕೊಟ್ಟಿದ್ದೆ.

ಮುಖ್ಯ ಉಪಸಂಪಾದಕರು ವರದಿ ಕೇಳಿದರು. “ಪಂದ್ಯವು ತುಸು ತಡವಾಗಿ ಆರಂಭವಾಯಿತು” ಎಂದು ಬರೆದುಕೊಟ್ಟೆ. ಪ್ರತಿ ಅಕ್ಷರವೂ ನಿಜ. ಮರುದಿನ ತಿದ್ದುಪಡಿಯ ಎರಡು ಸಾಲು ಬರೆದೆ, ಹರಿದೆ. ಮತ್ತೆ ಬರೆದೆ, ಜೇಬಿನಲ್ಲಿಟ್ಟುಕೊಂಡೆ. ಅದು ಬರೀ ಮರೆವಾಗಿತ್ತೇ? ಆ ಕಂಬಿಯ ಹತ್ತಿರ, ಕಳೆಯುವ ಮುನ್ನ, ಅಂಗಡಿಯ ವೃದ್ಧರ ಮಾತು ನನ್ನ ತಲೆಯಲ್ಲಿ ಒಮ್ಮೆಯೂ ಸುಳಿಯಲಿಲ್ಲವೇ? ಇಷ್ಟು ವರ್ಷ ಬೇರೆಯವರಿಗೆ ಪ್ರಶ್ನೆ ಕೇಳಿದ ಅನುಭವದಿಂದ ಹೇಳುತ್ತೇನೆ, ಈ ಪ್ರಶ್ನೆಗೆ ನನ್ನಿಂದ ನೇರ ಉತ್ತರ ಸಿಕ್ಕಿಲ್ಲ.

ಎರಡು ವರ್ಷಗಳ ನಂತರ ಕಂಪನಿ ತಾನಾಗಿಯೇ ಹೋಯಿತು, ಬಸ್ಸೂ ಹೋಯಿತು. ಅಷ್ಟರಲ್ಲಿ ಗಲ್ಲಿಯವರು ಕ್ಲಬ್ಬನ್ನು ತಾವೇ ನಡೆಸುವಷ್ಟು ಗಟ್ಟಿಯಾಗಿದ್ದರು. ಸಂಡೆ ಅಲ್ಲೇ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ. ಒಂದು ಭಾನುವಾರ ನಾನು ಹೋಗಿ, ಬೂಟಿನ ಪೆಟ್ಟಿಗೆಗೆ ಮುಚ್ಚಳ ಮಾಡುತ್ತಿದ್ದ ಏಳುಮಲೈ ಅಣ್ಣನೆದುರು ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಜೇಬಿನ ಚೀಟಿಯನ್ನೂ ತೋರಿಸಿದೆ. ಆತ ಉಳಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

“ಅಂದ್ರೆ ಆ ಐದ್ ನಿಮಿಷ ನಮ್ದಲ್ಲ.”

“ಅಲ್ಲ.”

“ನಿಮ್ದೂ ಅಲ್ಲ.”

“ನಂದೂ ಅಲ್ಲ.”

ಆತ ಚೀಟಿಯನ್ನು ಮಡಚಿ ನನ್ನ ಜೇಬಿಗೇ ವಾಪಸ್ ಇಟ್ಟ.

“ಕದ್ದಿದ್ದಲ್ಲ ಬಿಡಿ ಸಾರ್. ತಾನಾಗೇ ಬಂತು. ಯಾರಾದ್ರೂ ವಾಪಸ್ ಕೇಳಿದ್ರಾ?”

ಚೀಟಿ ಇನ್ನೂ ನನ್ನ ಹತ್ತಿರವೇ ಇದೆ. ಕೇಳಿದರೆ ಕೊಡಲು ಸಿದ್ಧ. ಇಷ್ಟು ವರ್ಷವಾದರೂ ಯಾರೂ ಕೇಳಿಲ್ಲ.