ಪ್ರಶ್ನೆಯಲ್ಲದ ‘ಯಾರು’

ಗೆಳೆಯರೇ, ಗೈಡ್ ಕೆಲಸಕ್ಕೆಂದು ಕಲಿತ ನನ್ನ ಚೀನೀ ಭಾಷೆ ಇವತ್ತು ಎಡವಿತು. ಚೀನಾದ ಹಿರಿಯ ಹೆಂಗಸೊಬ್ಬರಿಗೆ ಹಂಪಿ ತೋರಿಸಿ, ಕಡ್ಡಿರಾಂಪುರದಲ್ಲಿ ಚಹಾಕ್ಕೆ ನಿಂತಿದ್ದೆವು.

“ಅಮ್ಮಾರ ಜೊತಿಗೆ ಯಾರ್ ಬಂದಾರ, ಕೇಳ್ರಿ” ಎಂದಳು ಅಂಗಡಿಯ ಅಕ್ಕ. ಕೇಳಿದೆ.

“ಶೇ ಲಾಯ್?” ಎಂದರು ಅವರು. ಅಂದರೆ, ಯಾರು ಬರ್ತಾರೆ? ನನ್ನ ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದೆ. ಅದೇ ಮಾತು, ಈ ಸಲ ಮೆಲ್ಲಗೆ. ಆಗ ಹೊಳೆಯಿತು. ನಾವೂ ಹಾಗೇ ಅನ್ನುತ್ತೇವಲ್ಲ. ಅದು ಪ್ರಶ್ನೆಯಲ್ಲ, ಬರುವವರು ಯಾರೂ ಇಲ್ಲ ಅಂತ.

“ಏನಂತಾರ್ರಿ?”

“ಒಬ್ರ ಬಂದಾರಂತಕ್ಕ.”

ಆಮೇಲೆ ಅವರು ನನ್ನ ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. “ಯಾರಿದ್ದಾರೆ?” ಎಂದೆ, ಚೀನೀ ಭಾಷೆಯಲ್ಲೇ. ಅವರು ಮತ್ತೆ ಕೇಳಲಿಲ್ಲ, ತಮ್ಮ ಬಿಸ್ಕತ್ತು ಮುರಿದು ಅರ್ಧ ಕೊಟ್ಟರು.

ನನ್ನ ಚೀನೀ ಭಾಷೆ ಇಷ್ಟು ಚೆನ್ನಾಗಿ ಇದುವರೆಗೆ ಯಾರಿಗೂ ಅರ್ಥವಾಗಿರಲಿಲ್ಲ.