ಆಂಜಿನಮ್ಮನ ಹುಳುಮನೆಯ ಇಪ್ಪತ್ತಾರು

ಜಂಗಮಕೋಟೆಯ ಆಂಜಿನಮ್ಮ ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದ ಹೆಂಗಸು. ಮನೆಯಲ್ಲಿ ಒಂದು ಹುಳು ಮಗ್ಗುಲು ಬದಲಿಸಿದರೆ ದೇವನಹಳ್ಳಿಯ ಬಸ್ಸಿನಲ್ಲಿ ಕೂತ ಆಕೆಗೆ ಗೊತ್ತಾಗುತ್ತಿತ್ತು ಎಂದು ನಮ್ಮ ಬೀದಿಯವರು ಹೇಳುತ್ತಾರೆ. ನಾನು ಅಷ್ಟೆಲ್ಲ ಉತ್ಪ್ರೇಕ್ಷೆ ಮಾಡುವವನಲ್ಲ. ಬಸ್ಸು ವಿಜಯಪುರ ದಾಟಿದ್ದರೆ ಆಕೆಗೂ ಸ್ವಲ್ಪ ಅನುಮಾನ ಉಳಿಯುತ್ತಿತ್ತು.

ಹೊಗಳುವುದರಲ್ಲಿ ಮಾತ್ರ ಬಲು ಬಿಗಿ. ಆಕೆಯ ಬಾಯಿಂದ ‘ಪರವಾಗಿಲ್ಲ’ ಎಂಬ ಮಾತು ಬಿದ್ದದ್ದು ಜೀವಮಾನದಲ್ಲಿ ಎರಡೇ ಸಲ: ಗಂಡ ಹುಳುಮನೆಗೆ ಶೀಟು ಹೊದಿಸಿದ ದಿನ, ಮಗ ಭಾನುಪ್ರಕಾಶ ಹುಟ್ಟಿದ ದಿನ.

ಹುಳುಮನೆಯ ಗೋಡೆಯಲ್ಲಿ ಒಂದು ಉಷ್ಣಮಾಪಕವಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಅದರ ಮೊಳೆಗೆ ಪೊರಕೆ ಸಿಕ್ಕಿಸಲು ಅನುಕೂಲವಾಗಿತ್ತು. ಆಂಜಿನಮ್ಮ ಒಳಗೆ ಹೋಗಿ ಸೆರಗು ಸರಿಸಿ, ಮೊಣಕೈಯ ಒಳಭಾಗವನ್ನು ಹುಳುವಿನ ತಟ್ಟೆಗಳ ಮೇಲೆ ಆಡಿಸಿದರೆ ಮುಗಿಯಿತು. ಕಿಟಕಿ ಮುಚ್ಚು, ಗೋಣಿಚೀಲ ನೆನೆಸು, ಕೆಂಡ ತಾ ಎಂದು ಅಪ್ಪಣೆ ಹೊರಡುತ್ತಿತ್ತು.

ಹೋದ ಫಾಲ್ಗುಣದಲ್ಲಿ ಆಕೆಯ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಹುಳುವಿನ ನೆಪ ಹೇಳಿ ಅದನ್ನು ಎರಡು ಸಲ ಮುಂದೂಡಿದ್ದಳು. ಈ ಸಲ ಡಾಕ್ಟರು ಕೇಳಲಿಲ್ಲ. ಹುಳು ಆಗ ಮೂರನೇ ಜ್ವರದಲ್ಲಿತ್ತು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ಮಲಗಿ ಹಳೇ ಚರ್ಮ ಕಳಚುವುದು. ನಾಲ್ಕು ಜ್ವರ ಕಳೆದು, ಒಂದು ವಾರ ರಾಕ್ಷಸರಂತೆ ಮೇದು, ಆಮೇಲೆ ಗೂಡು ಕಟ್ಟುತ್ತದೆ. ಪೊರೆ ತೆಗೆದ ಡಾಕ್ಟರು ಕಪ್ಪು ಕನ್ನಡಕ ಹಾಕಿ, ಹೊಗೆ, ಸುಣ್ಣದ ಪುಡಿ ಇರುವ ಕಡೆ ಒಂದು ತಿಂಗಳು ಕಾಲಿಡಕೂಡದು ಎಂದು ಕಳಿಸಿದರು. ಅಂದರೆ ಹುಳುಮನೆಗೆ ಕಾಲಿಡಕೂಡದು.

ಕೆಲಸ ಸೊಸೆ ಯಶೋಧರಾಳ ತಲೆಗೆ ಬಂತು. ಆಕೆ ಮಂಚೇನಹಳ್ಳಿ ಕಡೆಯ ಹೆಣ್ಣು. ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಮೇಡಂ. ಹುಳುವನ್ನು ಮುಟ್ಟಲು ಮೊದಲ ವರ್ಷ ಹೆದರಿದ್ದವಳು. ಮೊಣಕೈ ವಿದ್ಯೆ ಆಕೆಗೆ ಬರುತ್ತಿರಲಿಲ್ಲ. ಪೊರಕೆ ತೆಗೆದು ಉಷ್ಣಮಾಪಕವನ್ನು ಒರೆಸಿದಳು. ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ ಏಳು ಸಲ ನೋಡಿ ಬರೆಯುವ ಏರ್ಪಾಡು ಮಾಡಿದಳು. ಶಾಲೆಯ ಹೊತ್ತಿನಲ್ಲಿ ಭಾನುಪ್ರಕಾಶ ಬರೆಯುತ್ತಿದ್ದ. ಅತ್ತೆ ಜಗಲಿಯ ಮೇಲೆ ಕಪ್ಪು ಕನ್ನಡಕದಲ್ಲಿ ಕೂತು ವರದಿ ಕೇಳುತ್ತಿದ್ದಳು.

ನಾಲ್ಕನೇ ಜ್ವರ ಬಿಟ್ಟ ಎರಡನೇ ದಿನ ರಾತ್ರಿ ಊಟಕ್ಕೆ ಮುಂಚೆ ಯಶೋಧರಾ ಚೀಟಿ ಹಿಡಿದು ಬಂದಳು.

“ಅತ್ತೆ, ಇವತ್ತಿನ ಸರಾಸರಿ ಇಪ್ಪತ್ತಾರು. ಇಪ್ಪತ್ನಾಕರಿಂದ ಇಪ್ಪತ್ತೆಂಟರೊಳಗೆ ಇರ್ಬೇಕು ಅಂತಾರೆ. ಸರಿಯಾಗಿ ನಡುವೆ ಇದೆ.”

“ಯಾವ ಹೊತ್ನಲ್ಲಿ ಇಪ್ಪತ್ತಾರಮ್ಮ?”

ಒಂದು ಹೊತ್ತಿನದಲ್ಲ, ಏಳನ್ನೂ ಕೂಡಿ ಏಳರಿಂದ ಭಾಗಿಸಿದ್ದು ಎಂದು ಸೊಸೆ ವಿವರಿಸಿದಳು. ಆಂಜಿನಮ್ಮನಿಗೆ ಕುತೂಹಲ ಹುಟ್ಟಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಶಾಲೆ ಆಕೆಯನ್ನು ಪೂರ್ತಿ ಬಿಟ್ಟಿರಲಿಲ್ಲ.

“ಏಳು ಜನ ಸಂತೇಗೆ ಹೋದ್ರು ಅನ್ಕೊ. ಆರು ಜನ ಉಪವಾಸ. ಒಬ್ನೇ ಹದಿನಾಕು ಮುದ್ದೆ ತಿಂದ. ನಿನ್ ಲೆಕ್ಕದಲ್ಲಿ ಎಲ್ರೂ ಎರಡೆರಡು ಮುದ್ದೆ ತಿಂದಂಗೆ?”

“ಲೆಕ್ಕದಲ್ಲಿ ಹಂಗೇ ಅತ್ತೆ.”

“ಹಂಗಾದ್ರೆ ಆ ಆರು ಜನಕ್ಕೆ ಹೋಗಿ ಹೇಳು, ತೇಗ್ಲಿ.”

ಯಶೋಧರಾ ನಕ್ಕು, ಅದಕ್ಕೇ ಮಧ್ಯಾಂಕ ಅಂತ ಇನ್ನೊಂದಿದೆ ಎಂದಳು. ಎಲ್ಲರನ್ನೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವೆ ಇರುವವನನ್ನು ಕೇಳುವುದು. ಮುದ್ದೆಯ ಸಾಲಿನಲ್ಲಿ ನಡುವಿನವನು ಉಪವಾಸ, ನಿಜ ಹೊರಬಿತ್ತು. ಈ ಲೆಕ್ಕ ಆಂಜಿನಮ್ಮನಿಗೆ ಹಿಡಿಸಿತು. ಹುಳುಮನೆಯನ್ನೂ ಹಾಗೇ ನಿಲ್ಲಿಸು ಎಂದಳು. ಸೊಸೆ ಓದಿದಳು: ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಮೂವತ್ತು, ಮೂವತ್ತೆರಡು. ನಡುವಿನದು ಮತ್ತೆ ಇಪ್ಪತ್ತಾರೇ. ಎರಡು ಲೆಕ್ಕವೂ ಒಂದೇ ಉತ್ತರ ಹೇಳಿದರೆ ಮೇಡಮ್ಮನಿಗೆ ಇನ್ನೇನು ಬೇಕು?

ಆಂಜಿನಮ್ಮ ಮಾತ್ರ ಹುಳುಮನೆಯ ಗೋಡೆಯ ಕಡೆ ಕಿವಿ ತಿರುಗಿಸಿದಳು.

“ಕಣ್ಗೆ ಆಪರೇಶನ್ ಆಗಿರೋದು, ಕಿವೀಗಲ್ಲ ಕಣಮ್ಮ. ನಾಕನೇ ಜ್ವರ ಎದ್ದ ಹುಳ ಸೊಪ್ಪು ತಿಂದ್ರೆ ಜೋರು ಮಳೆ ಹುಯ್ದಂಗೆ ಕೇಳ್ಬೇಕು. ಇದು ತುಂತುರು.”

ಆ ಮಳೆ ಏನು ಸಾಮಾನ್ಯದ್ದಲ್ಲ. ಹಿಂದೊಮ್ಮೆ ಅದನ್ನು ಕೇಳಿ ಪಕ್ಕದ ಮನೆಯ ವೆಂಕಟರಾಯಪ್ಪ ಅಂಗಳದ ರಾಗಿ ಎತ್ತಿಟ್ಟು, ಕೊಡೆ ಹಿಡಿದು ಹೊರಟಿದ್ದ. ಈಗ ಅದು ತುಂತುರಾಗಿದೆ ಎಂದರೆ ಹುಳು ಸೊಪ್ಪು ಮುಟ್ಟುತ್ತಿಲ್ಲ. ಹೀಗೇ ಎರಡು ದಿನ ಹೋದರೆ ಸಪ್ಪೆ ರೋಗ ಬಂದು ಬೆಳೆಯೆಲ್ಲ ಜೋಲುಬಿದ್ದು, ಗೂಡಿನ ಬದಲು ಗೊಬ್ಬರ ಸಿಗುತ್ತದೆ. ಯಶೋಧರಾಳ ಮುಖ ಬಾಡಿತು. ಆಕೆಯ ಕೈಗೆ ಬಂದ ಮೊದಲ ಬೆಳೆ ಅದು.

“ನಿನ್ ಸಾಲಲ್ಲಿ ಮೊದ್ಲು ಯಾರು, ಕಡೇಲ್ಯಾರು?” ಅತ್ತೆ ಕೇಳಿದಳು.

“ಮೊದ್ಲು ಇಪ್ಪತ್ತು, ಬೆಳಗ್ಗೆ ಐದಕ್ಕೆ. ಕಡೇಲಿ ಮೂವತ್ತೆರಡು, ಮಧ್ಯಾಹ್ನ.”

“ಎರಡಕ್ಕೂ ಎಷ್ಟು ದೂರ?”

“ಹನ್ನೆರಡು.” ಹೇಳಿದವಳು ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಅದರ ಹೆಸರು ವ್ಯಾಪ್ತಿ. ದೊಡ್ಡದರಿಂದ ಸಣ್ಣದನ್ನು ಕಳೆಯುವುದು, ಬಲು ಸುಲಭ ಎಂದು ಏಳನೇ ತರಗತಿಯಲ್ಲಿ ಅದನ್ನು ಎರಡು ನಿಮಿಷದಲ್ಲಿ ಮುಗಿಸಿದ್ದಳು.

“ಬೆಳಗ್ಗೆ ನಡುಗಿಸಿ ಮಧ್ಯಾಹ್ನ ಬೇಯಿಸಿದ್ರೆ ಎಮ್ಮೆನೂ ಮೇವು ಬಿಡುತ್ತೆ. ಆ ದೂರ ಕಮ್ಮಿ ಮಾಡು,” ಎಂದಳು ಆಂಜಿನಮ್ಮ.

ಮರುದಿನದಿಂದ ಬೆಳಗಿನ ಜಾವ ಹೊಗೆಯಾರಿದ ಕೆಂಡದ ಬಾಣಲೆ ಒಳಗೆ ಹೋಯಿತು. ಹತ್ತು ಗಂಟೆಗೇ ಶೀಟಿನ ಮೇಲೆ ತೆಂಗಿನ ಗರಿ ಬಿತ್ತು, ಕಿಟಕಿಗಳಿಗೆ ಒದ್ದೆ ಗೋಣಿಚೀಲ ಬಂತು. ಭಾನುಪ್ರಕಾಶ ಅವಕ್ಕೆ ಸುರಿದ ನೀರಿನಲ್ಲಿ ರಾಮಸಮುದ್ರದ ಕೆರೆ ಒಂದು ಸಲ ತುಂಬಬಹುದಿತ್ತು. ಮೂರನೇ ದಿನದ ಚೀಟಿ: ಇಪ್ಪತ್ತನಾಲ್ಕು, ಇಪ್ಪತ್ತೈದು, ಮೂರು ಸಲ ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು. ಸರಾಸರಿ ಅದೇ ಇಪ್ಪತ್ತಾರು, ಮಧ್ಯಾಂಕವೂ ಅದೇ. ವ್ಯಾಪ್ತಿ ಮಾತ್ರ ನಾಲ್ಕು. ಆ ಸಂಜೆ ಗೋಡೆಯಾಚೆ ಮಳೆ ಹಿಡಿಯಿತು.

ಯಶೋಧರಾ ಎರಡೂ ಚೀಟಿಗಳನ್ನು ಶಾಲೆಗೆ ಒಯ್ದು ಹಲಗೆಯ ಮೇಲೆ ಪಕ್ಕಪಕ್ಕ ಬರೆದಳಂತೆ. ಯಾವ ದಿನ ಹುಳು ಚೆನ್ನಾಗಿ ಮೇಯಿತು ಎಂದು ಕೇಳಿದಾಗ ಮಕ್ಕಳು ಒಂದು ಗಂಟೆ ಜಗಳವಾಡಿದರು. ಗಂಟೆ ಹೊಡೆದರೂ ಏಳಲಿಲ್ಲ. ಬಿಸಿಯೂಟ ಆರಿದ್ದಕ್ಕೆ ಅಡುಗೆಯವರು ಆಕೆಯನ್ನು ಇನ್ನೂ ಕ್ಷಮಿಸಿಲ್ಲ.

ಹಿಂದಿನ ಬೆಳೆಯಲ್ಲಿ ಮೊದಲ ಹುಳು ಮೇಯುವುದು ಬಿಟ್ಟು ಹಣ್ಣಾದ ನಾಲ್ಕು ದಿನಕ್ಕೆ ಕಡೆಯದು ಹಣ್ಣಾಗಿತ್ತು. ಈ ಸಲ ಎಲ್ಲವೂ ಒಂದೂವರೆ ದಿನದಲ್ಲಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹತ್ತಿದವು. ಗೂಡು ಕಟ್ಟಿ ಮುಗಿದ ಮೇಲೆ ಯಶೋಧರಾ ಒಂದು ಚಂದ್ರಿಕೆಯನ್ನು ಜಗಲಿಗೆ ತಂದು ಅತ್ತೆಯ ಮುಂದೆ ನಿಲ್ಲಿಸಿದಳು. ಆಂಜಿನಮ್ಮ ಕಪ್ಪು ಕನ್ನಡಕ ಎತ್ತಲಿಲ್ಲ. ಬಿದಿರಿನ ಸುರುಳಿಯೊಳಗೆ ಬೆರಳು ಹಾಕಿ, ಹಳದಿ ಗೂಡುಗಳನ್ನು ಒಂದೊಂದಾಗಿ ಒತ್ತುತ್ತ, ಮೇಲಿಂದ ಕೆಳಗಿನವರೆಗೆ ಬಂದಳು. ಒಂದೂ ಮೆತ್ತಗಿರಲಿಲ್ಲ.

“ಪರವಾಗಿಲ್ಲ,” ಎಂದಳು.

ನಲವತ್ತು ವರ್ಷಕ್ಕೆ ಅದು ಮೂರನೆಯದು. ಅದರ ಸರಾಸರಿಯನ್ನು ಸೊಸೆ ಈವರೆಗೆ ತೆಗೆದಿಲ್ಲ.