ಎಲ್ಲರೂ ಕೇರಾಫ್ ಹೋಟೆಲ್

2014ರ ನನ್ನ ಡೈರಿಯಲ್ಲಿ ಪ್ರತಿ ಪುಟದ ಕೆಳಗೆ ಮೂರು ಅಂಕಿಗಳಿವೆ. ಆ ದಿನ ಎಷ್ಟು ರೈಲು ಹತ್ತಿದೆ, ಎಷ್ಟರಲ್ಲಿ ಕೂರಲು ಜಾಗ ಸಿಕ್ಕಿತು, ಕೆಲಸದ ಫೋನುಗಳು ಎಷ್ಟು ಬಂದವು. ಮೇ ತಿಂಗಳ ಅಂಕಿಗಳನ್ನೆಲ್ಲ ಕೂಡಿಸಿದರೆ ಇಡೀ ತಿಂಗಳು ನಾನು ಕೂತದ್ದು ಒಂಬತ್ತು ಸಲ.

ಆಗ ಲೋಕಲ್ ರೈಲಿನಲ್ಲಿ ಕಳವಾದಿಂದ ಐರೋಲಿಗೆ ಹೋಗಿ ಬರುತ್ತಿದ್ದೆ. ಠಾಣೆಯಲ್ಲಿ ರೈಲು ಬದಲಿಸಬೇಕು. ಐರೋಲಿಯಲ್ಲಿ ನಮ್ಮದು ಹನ್ನೊಂದು ಜನರ ಸಣ್ಣ ಕಂಪನಿ. ವ್ಯಾಪಾರಸ್ಥರ ವೆಬ್‌ಸೈಟುಗಳನ್ನು ಸಿಆರ್‌ಎಂಗೆ ಜೋಡಿಸುವುದು ನನ್ನ ಕೆಲಸ. ಸಿಆರ್‌ಎಂ ಎಂದರೆ ಗಿರಾಕಿ ಯಾರು, ಏನು ಕೇಳಿದರು, ನಾವು ಏನು ಹೇಳಿದೆವು ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ತಂತ್ರಾಂಶ. ಅದು ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ದೂರದ ಯಾವುದೋ ಸರ್ವರಿನಲ್ಲಿ, ಕ್ಲೌಡ್ ಎನ್ನುವ ಕಡೆ ಇರುತ್ತದೆ. ವೆಬ್‌ಸೈಟಿನ ಫಾರ್ಮಿನಲ್ಲಿ ತುಂಬಿದ ಹೆಸರು ಅಲ್ಲಿನ ಹೆಸರಿನ ಖಾನೆಗೆ ಹೋಗಬೇಕು, ತಾರೀಖು ತಾರೀಖಿನ ಖಾನೆಗೆ. ಈ ಖಾನೆಗೂ ಆ ಖಾನೆಗೂ ದಿನವಿಡೀ ಗಂಟು ಹಾಕುತ್ತಿದ್ದೆ. ಆರು ತಿಂಗಳ ಪ್ರೊಬೇಶನ್‌ನಲ್ಲಿ ನಾಲ್ಕು ಕಳೆದಿದ್ದವು.

ನನ್ನ ಐದನೆಯ ಗಿರಾಕಿ ಡೊಂಬಿವಲಿಯ ಒಂದು ಉಡುಪಿ ಹೋಟೆಲು. ಕೆಳಗೆ ಹೋಟೆಲು, ಮಾಳಿಗೆಯಲ್ಲಿ ಮದುವೆ ಮುಂಜಿಗಳ ಅಡಿಗೆ ಆರ್ಡರು ತೆಗೆದುಕೊಳ್ಳುವ ಆಫೀಸು. ಅಲ್ಲಿ ಫೋನಿನ ಪಕ್ಕದ ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಕೂರುತ್ತಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ಮಾಲಕರೂ ಸಹ. ಅಕ್ಕನ ಗಂಡ ಅದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಅವರು ಹೋದ ಮೇಲೆ ಮಾಲಕರು ಅಕ್ಕನನ್ನು ಫೋನಿಗೆ ಕೂರಿಸಿದ್ದರು. ಮಂಡಿನೋವಿನಿಂದ ನಿಂತು ಮಾಡುವ ಕೆಲಸ ಅವರ ಕೈಲಾಗುತ್ತಿರಲಿಲ್ಲ.

ಅಕ್ಕ ಹನ್ನೆರಡು ವರ್ಷ ಆರ್ಡರುಗಳನ್ನು ಉದ್ದನೆಯ ಪುಸ್ತಕದಲ್ಲಿ ಬರೆದಿದ್ದರು. ಮೇ ಮೊದಲ ವಾರ ನಾನು ಆ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ. ಇನ್ನು ಮುಂದೆ ಫೋನಿನಲ್ಲಿ ಬಂದದ್ದನ್ನೂ ವೆಬ್‌ಸೈಟಿನ ಫಾರ್ಮಿನಲ್ಲೇ ತುಂಬಬೇಕು, ಆಗ ಎಲ್ಲ ಒಂದೇ ಕಡೆ ಸೇರುತ್ತದೆ ಎಂದು ತೋರಿಸಿಕೊಟ್ಟೆ. ಅಕ್ಕ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುತ್ತಿದ್ದರು, ಆದರೆ ತಪ್ಪಿಲ್ಲದೆ.

ಮೊದಲ ಮೂರು ವಾರ ನಡೆದ ಅಡಿಗೆಗಳೆಲ್ಲ ಹಳೆಯ ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿದ್ದ ಆರ್ಡರುಗಳೇ. ನಾಲ್ಕನೆಯ ವಾರದ ಸೋಮವಾರ ಬೆಳಿಗ್ಗೆ, ಠಾಣೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮಾಲಕರ ಫೋನು ಬಂತು.

"ಎಂತ ಮಾರಾಯ್ತಿ, ನಿನ್ನ ಕ್ಲೌಡಿನಲ್ಲಿ ಎಲ್ಲ ಉಂಟು ಅಂತ ಹೇಳಿದ್ದಿ. ಕಲ್ಯಾಣದ ಸೀಮಂತ ಎಲ್ಲಿ ಹೋಯ್ತು?"

ಹಿಂದಿನ ದಿನ ಪಕ್ಕದ ಊರು ಕಲ್ಯಾಣದ ಒಂದು ಮನೆಯ ಸೀಮಂತಕ್ಕೆ ಅಡಿಗೆಯವರೇ ಹೋಗಿರಲಿಲ್ಲ. ಹತ್ತು ಗಂಟೆಗೆ ಆ ಮನೆಯವರು ಫೋನು ಮಾಡಿದ ಮೇಲೆ ಹೋಟೆಲಿನಿಂದ ಇಡ್ಲಿ, ಉಪ್ಪಿಟ್ಟು ಟೆಂಪೋದಲ್ಲಿ ಕಳಿಸಿದ್ದರಂತೆ.

"ಮೂರು ವಾರದಲ್ಲಿ ಫೋನಿನಿಂದ ಬಂದ ಗಿರಾಕಿ ಒಂದೇ ಒಂದು ಅಂತ ತೋರಿಸ್ತದೆ ಇಲ್ಲಿ. ಅಕ್ಕ ಎಂತ ತುಂಬುದೇ ಇಲ್ಲ. ಕೇಳಿದ್ರೆ ಎಲ್ಲ ತುಂಬಿದ್ದೇನೆ ಹೇಳ್ತಾರೆ. ಒಂದನೇ ತಾರೀಖಿಂದ ನನ್ನ ತಂಗಿಯ ಮಗಳನ್ನು ಕೂರಿಸ್ತೇನೆ. ಅಕ್ಕ ಕೆಳಗೆ ತರಕಾರಿ ಹೆಚ್ಚಲಿ."

ಒಂದನೇ ತಾರೀಖಿಗೆ ಆರು ದಿನವಿತ್ತು. ಕೆಳಗೆ ತರಕಾರಿ ಹೆಚ್ಚುವವರು ನಿಂತೇ ಹೆಚ್ಚುತ್ತಾರೆ. ಆ ಮಾತಿನ ಅರ್ಥ ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ನಮ್ಮ ಬಾಸಿಗೆ ಫೋನು ಮಾಡಿದೆ. "ಯೂಸರ್ ಎರರ್ ಲಿಖ್ ದೇ, ಬಾತ್ ಖತಮ್," ಎಂದರು. ರಿಪೋರ್ಟಿನಲ್ಲಿ ಕಾರಣ ಎಂಬ ಖಾನೆ ಇರುತ್ತದೆ. ಬಳಸುವವರ ತಪ್ಪು ಎಂದು ಬರೆದರೆ ಕಂಪನಿಯ ಮೇಲೆ ಏನೂ ಬರುವುದಿಲ್ಲ. ಹಾಗೆ ಬರೆಯುವುದಕ್ಕೂ ಒಮ್ಮೆ ಹೋಗಿ ನೋಡಬೇಕಲ್ಲ ಎಂದು ಡೊಂಬಿವಲಿ ರೈಲು ಹತ್ತಿದೆ. ಜಾಗ ಸಿಗಲಿಲ್ಲ.

ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಿದ್ದರು, ಎದ್ದು ಹೋಗುವವರ ಹಾಗೆ.

"ನಾನು ತುಂಬಿದ್ದೇನೆ ಮಗಾ. ನಿನ್ನ ಆ ಡಬ್ಬದಲ್ಲಿ ಹಸಿರು ಗುರುತು ಬರುವವರೆಗೂ ಕಾಯ್ತೇನೆ ನಾನು."

"ಇರ್ಲ್ರಿ ಅಕ್ಕಾ. ನೀವ್ ಹೆಂಗ್ ತುಂಬ್ತೀರಿ, ನಾ ಸುಮ್ನ ನೋಡ್ತೀನಿ."

ಅರ್ಧ ಗಂಟೆ ಏನೂ ಬರಲಿಲ್ಲ. ಆಮೇಲೆ ಕಳವಾದಿಂದ ಗೃಹಪ್ರವೇಶದ ಒಂದು ಫೋನು ಬಂತು. ಅಕ್ಕ ಊರು, ಮನೆ, ಎಷ್ಟು ಜನ, ಪಾಯಸ ಯಾವುದು ಎಂದೆಲ್ಲ ಕೇಳಿದರು. "ಕಡಲೆಬೇಳೆ ಬೇಡ, ಗೃಹಪ್ರವೇಶಕ್ಕೆ ಶ್ಯಾವಿಗೆ ಸಾಕು, ಉಳಿದ ಹೊಟ್ಟೆಗೆ ಹೋಳಿಗೆ ಹಾಕುವ," ಎಂದು ನಗಿಸಿದರು. ಫೋನಿಟ್ಟು ಟೈಪು ಮಾಡತೊಡಗಿದರು. ಹೆಸರು, ನಂಬರು, ತಾರೀಖು. ಇಮೇಲ್ ಎಂಬ ಖಾನೆ ಬಂದಾಗ ಒಂದು ಕ್ಷಣವೂ ನಿಲ್ಲದೆ ಹೋಟೆಲಿನ ಇಮೇಲ್ ಹಾಕಿದರು. ಆ ಸಾಲನ್ನು ಮಾತ್ರ ಅವರು ಅಕ್ಷರ ಹುಡುಕದೆ ಟೈಪು ಮಾಡಿದರು. ಅಷ್ಟು ರೂಢಿಯಾಗಿತ್ತು.

"ಅಕ್ಕಾ, ಇದು ಹೋಟ್ಲಿಂದಲ್ರೀ?"

"ಹೌದು. ಅವರಿಗೆ ಇಮೇಲ್ ಇಲ್ಲ. ಯಾರಿಗೂ ಇಲ್ಲ. ಕೇರಾಫ್ ಹೋಟೆಲ್ ಹಾಕಿದ್ದು."

ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಅಕ್ಕ ವಿವರಿಸಿದರು.

"ನಮ್ಮ ಯಜಮಾನರು ಊರಿಂದ ಬಂದಾಗ ಇಲ್ಲಿ ಇಪ್ಪತ್ತೆರಡು ಜನ ಮಲಗ್ತಿದ್ದದ್ದು, ಮೇಲೆ, ಇದೇ ಮಾಳಿಗೆಯಲ್ಲಿ. ಎಲ್ಲರ ಪತ್ರವೂ ಈ ಹೋಟೆಲಿಗೇ. ಹೆಸರು ಬರೆದು ಕೇರಾಫ್ ಹಾಕಿದ್ರೆ ಆಯ್ತು. ಪೋಸ್ಟಿನವ ಕ್ಯಾಶಿನ ಗಲ್ಲೆಯ ಮೇಲೆ ಇಟ್ಟು ಹೋಗ್ತಿದ್ದ. ನನ್ನ ಮದುವೆ ಮಾತುಕತೆಯ ಪತ್ರ ಸಹ ಹಾಗೇ ಬಂದದ್ದು. ಒಬ್ಬರದ್ದು ಇನ್ನೊಬ್ಬರಿಗೆ ಹೋದದ್ದಿಲ್ಲ ಮಗಾ, ಒಂದು ದಿನವೂ."

ನಮ್ಮ ಮನೆಯವರು ಧಾರವಾಡದ ಕಡೆಯವರು. ಅಪ್ಪ ಕಳವಾದ ರೈಲ್ವೆ ಕಾರ್‌ಶೆಡ್ಡಿನಲ್ಲಿದ್ದವರು, ನಮ್ಮ ಪತ್ರಗಳು ನಮ್ಮ ಖೋಲಿಯ ಬಾಗಿಲಿಗೇ ಬರುತ್ತಿದ್ದವು. ಇಪ್ಪತ್ತೆರಡು ಜನರಿಗೆ ಒಂದೇ ವಿಳಾಸ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಹೋಟೆಲಿನವರು ಹೆಸರು ನೋಡಿ ಪತ್ರ ಕೊಡುತ್ತಿದ್ದರು. ಸಿಆರ್‌ಎಂ ಹೆಸರು ನೋಡುವುದಿಲ್ಲ. ನಾನು ಅದನ್ನು ಜೋಡಿಸಿದ್ದು ಹಾಗೆ: ಇಮೇಲ್ ಒಂದೇ ಆದರೆ ಮನುಷ್ಯ ಒಬ್ಬನೇ, ಹಳೆಯದನ್ನು ಅಳಿಸಿ ಹೊಸದನ್ನು ಬರೆ. ಆ ಒಬ್ಬನೇ ಗಿರಾಕಿಯ ಇತಿಹಾಸ ತೆರೆದು ನೋಡಿದೆ. ಮೂರು ವಾರದಲ್ಲಿ ಅವನಿಗೆ ಮದುವೆಯಾಗಿತ್ತು, ಮುಂಜಿಯಾಗಿತ್ತು, ಸೀಮಂತವಾಗಿತ್ತು, ಅರವತ್ತು ತುಂಬಿತ್ತು, ಎರಡು ಸಲ ವೈಕುಂಠ ಸಮಾರಾಧನೆಯೂ ಆಗಿತ್ತು. ಈಗ ಕಳವಾದಲ್ಲಿ ಮನೆ ಕೊಂಡು ಗೃಹಪ್ರವೇಶಕ್ಕೆ ಸಿದ್ಧನಾಗಿದ್ದ.

ಪುಣ್ಯಕ್ಕೆ ವೆಬ್‌ಸೈಟು ತಾನು ಕಳಿಸಿದ್ದರ ಒಂದೊಂದು ಪ್ರತಿ ತನ್ನ ಬಳಿಯೂ ಇಟ್ಟುಕೊಂಡಿತ್ತು. ಎಣಿಸಿದೆ. ಅರವತ್ತಮೂರು. ಅಕ್ಕನ ಫೋನಿನಲ್ಲಿ ಬಂದ ಕರೆಗಳಿಗೆ ಒಂದೊಂದಾಗಿ ತಾಳೆ ಹಾಕಿದೆ. ಒಂದೂ ಬಿಟ್ಟಿರಲಿಲ್ಲ.

ಇಷ್ಟಾದರೂ ರಿಪೋರ್ಟಿನಲ್ಲಿ ಯೂಸರ್ ಎರರ್ ಎಂದು ಬರೆಯಬಹುದಿತ್ತು. ಬೇರೆಯವರ ಖಾನೆಯಲ್ಲಿ ಹೋಟೆಲಿನ ಇಮೇಲ್ ಹಾಕಿದ್ದು ಅಕ್ಕನೇ ಅಲ್ಲವೇ ಎಂದುಕೊಂಡೆ. ಯಾವಾಗಿನಿಂದ ಹಾಕುತ್ತಿದ್ದಾರೆ ಎಂದು ತಿಳಿಯಲು ಡೈರಿ ತೆಗೆದೆ. ಮೇ ಮೊದಲ ವಾರದ ಮಂಗಳವಾರದ ಪುಟದಲ್ಲಿ ನನ್ನದೇ ಅಕ್ಷರ: "ರೈಲು 4, ಕೂತದ್ದು 0, ಫೋನು 7. ಡೊಂಬಿವಲಿ ಅಕ್ಕ: ಇಮೇಲ್ ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುತ್ತಿಲ್ಲ. ಏನಾದರೂ ಹಾಕಲು ಹೇಳಿದೆ. ಒಂದು ನಿಮಿಷ."

ನೆನಪಾಯಿತು. ರೈಲಿನ ಬಾಗಿಲಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಹಿಡಿಕೆ. "ಏನರ ಒಂದ್ ಹಾಕ್ರಿ ಅಕ್ಕಾ," ಎಂದು ಕಿರುಚಿ ಫೋನಿಟ್ಟಿದ್ದೆ. ಆ ಖಾನೆಯನ್ನು ಕಡ್ಡಾಯ ಮಾಡಿದವಳೂ ನಾನೇ. ಏನಾದರೂ ಹಾಕಿ ಎಂದರೆ ಅಕ್ಕ ಸುಳ್ಳು ಹಾಕಲಿಲ್ಲ. ಅವರಿಗೆ ಗೊತ್ತಿದ್ದ ಎಲ್ಲಕ್ಕಿಂತ ನಂಬಿಕೆಯ ವಿಳಾಸವನ್ನು ಹಾಕಿದ್ದರು.

ಮಾಲಕರು ಕೆಳಗೆ ಗಲ್ಲೆಯ ಹಿಂದೆ ಇದ್ದರು. ಡೈರಿಯ ಪುಟ ತೋರಿಸಿದೆ.

"ಅಕ್ಕಂದ್ ತಪ್ಪಿಲ್ರಿ. ಅರವತ್ಮೂರೂ ತುಂಬ್ಯಾರ. ಅಳಸಿದ್ದು ನಾ ಜೋಡ್ಸಿದ್ ರೀತಿ."

ಅವರು ಓದಿ, ಕನ್ನಡಕ ತೆಗೆದಿಟ್ಟರು. "ನಿನ್ನ ತಪ್ಪನ್ನೂ ತಾರೀಖು ಹಾಕಿ ಬರೆದಿಡ್ತೀಯಲ್ಲ ಮಾರಾಯ್ತಿ, ನಿನ್ನನ್ನು ಎಂತ ಹೇಳುದು." ಡೈರಿಯನ್ನು ನನ್ನ ಕಡೆ ತಳ್ಳಿ, "ಕಲ್ಯಾಣದವರಿಗೆ ನೀನೇ ಹೇಳು," ಎಂದರು.

ಹೇಳಿದೆ. ಬಸುರಿಯ ಅತ್ತೆ ಕೊನೆಯವರೆಗೂ ಕೇಳಿ, "ಇಡ್ಲಿ ಮೆತ್ತಗಿತ್ತಮ್ಮ. ಆದ್ರೆ ಸೀಮಂತಕ್ಕೆ ಉಪ್ಪಿಟ್ಟು ಬಡಿಸಿದವರು ಅಂತ ನಮ್ಮ ಬಿಲ್ಡಿಂಗಿನಲ್ಲಿ ಹೆಸರಾಯ್ತು," ಎಂದರು.

ಎರಡು ದಿನ ಅಕ್ಕನೂ ನಾನೂ ಉಳಿದವರಿಗೆಲ್ಲ ಫೋನು ಮಾಡಿ ತಾರೀಖು ಖಚಿತಪಡಿಸಿಕೊಂಡೆವು. ನಾನು ಇಮೇಲ್ ಬಿಟ್ಟು ಫೋನ್ ನಂಬರಿನಿಂದ ಗಿರಾಕಿಯನ್ನು ಗುರುತಿಸುವ ಹಾಗೆ ಬದಲಿಸಿದೆ. ರಿಪೋರ್ಟಿನ ಕಾರಣದ ಖಾನೆಯಲ್ಲಿ ನನ್ನ ಹೆಸರು ಬರೆದೆ. ಬಾಸು ಬೈಯಲಿಲ್ಲ, ಪ್ರೊಬೇಶನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಒಂದನೇ ತಾರೀಖು ಮಾಲಕರ ತಂಗಿಯ ಮಗಳು ಬರಲಿಲ್ಲ. ಅಕ್ಕ ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತಿದ್ದರು. ಉದ್ದನೆಯ ಪುಸ್ತಕ ಕಪಾಟಿನಿಂದ ಮೇಜಿಗೆ ಬಂದಿತ್ತು. ಮೊದಲು ಅದರಲ್ಲಿ ಬರೆದು ಆಮೇಲೆ ಟೈಪು ಮಾಡುತ್ತಿದ್ದರು. ನಾನು ಬೇಡ ಎನ್ನಲಿಲ್ಲ.

ಜೂನ್ ಎರಡನೇ ವಾರ, ಕಳವಾದಲ್ಲಿ ರೈಲು ಹತ್ತುವಾಗ ಅಕ್ಕನ ಫೋನು.

"ಮಗಾ, ಇಲ್ಲಿ ಅಣ್ಣ ತಮ್ಮ ಇಬ್ಬರದ್ದೂ ಬೇರೆ ಬೇರೆ ಫಂಕ್ಷನ್. ಮನೆಗೆ ಫೋನು ಒಂದೇ. ಎಂತ ಹಾಕುದು?"

ರೈಲು ಹೊರಟಿತ್ತು. ಬಾಯಿಗೆ ಬಂದ ಆ ಹಳೆಯ ಮಾತನ್ನೇ ನುಂಗಿಕೊಂಡೆ.

"ಏನೂ ಹಾಕಬ್ಯಾಡ್ರಿ ಅಕ್ಕಾ. ಪುಸ್ತಕದಾಗ್ ಬರ್ದಿಡ್ರಿ. ನಾ ಬರ್ತೀನಿ."

ಠಾಣೆಯಲ್ಲಿ ಇಳಿದು, ಮೆಟ್ಟಿಲು ಹತ್ತಿ, ಡೊಂಬಿವಲಿ ಕಡೆಯ ಪ್ಲಾಟ್‌ಫಾರ್ಮಿಗೆ ನಡೆದೆ. ಆ ದಿನದ ಪುಟದಲ್ಲಿ ರೈಲು 5, ಕೂತದ್ದು 1 ಎಂದಿದೆ.